ತಡವಾದುದಕ್ಕೆ ಕಾರಣ

ಸುದ್ದಿ ಬಂದಾಗ ಅಕ್ಕ ಹರಿದ ಸೀಟಿಗೆ ಹೊಲಿಗೆ ಹಾಕುತ್ತಿದ್ದಳು. ಬಸ್ ಡಿಪೋದ ಹಿಂದಿನ ಕೋಣೆಯಲ್ಲಿ ಸೀಟಿನ ಹೊದಿಕೆ ಹೊಲಿಯುವುದು ಅವಳ ಇಪ್ಪತ್ತೆರಡು ವರ್ಷದ ಕೆಲಸ. ಮ್ಯಾನೇಜರ್‌ನಿಂದ ಹಿಡಿದು ಬಸ್ಸು ತೊಳೆಯುವವನವರೆಗೆ ಎಲ್ಲರಿಗೂ ಅವಳು ಅಕ್ಕನೇ. ಕಂಡಕ್ಟರ್ ಬಾಗಿಲಲ್ಲಿ ಬಂದು ನಿಂತ. ಟಿಕೆಟ್ ಚೀಲ ಹೆಗಲಲ್ಲೇ ಇತ್ತು. ಅವನ ಜೊತೆಗೆ ಬರಬೇಕಾಗಿದ್ದ ಡ್ರೈವರ್, ಅವಳ ಒಡಹುಟ್ಟಿದ ತಮ್ಮ, ಬರಲಿಲ್ಲ.

ಬೆಳಗ್ಗೆ ಕಾಡಿನ ದಾರಿಯ ಮೂರನೆಯ ತಿರುವಿನಲ್ಲಿ ತಮ್ಮ ಬಸ್ಸು ನಿಲ್ಲಿಸಿ ಇಳಿದಿದ್ದ. ರಸ್ತೆಯ ನಡುವೆ ಬಿಸಿಲು ಕಾಯಿಸುತ್ತಿದ್ದ ಉಡವನ್ನು ಗೋಣಿಚೀಲ ಬೀಸಿ ಆಚೆ ಓಡಿಸುತ್ತಿದ್ದಾಗ ತಿರುವಿನಿಂದ ಲಾರಿ ನುಗ್ಗಿತು. ಬಸ್ಸಿನೊಳಗಿದ್ದ ಹತ್ತೊಂಬತ್ತು ಜನಕ್ಕೆ ಒಂದು ಗೀರೂ ಆಗಲಿಲ್ಲ.

ಅಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಒಂದೇ ಮಾತು ಕೇಳಿದಳು.

“ಅದು ದಾಟಿತಾ?”

“ದಾಟಿತು ಅಕ್ಕಾ.”

ಅವಳಿಗೆ ಗೋಡೆಯ ಮೇಲಿನ ಹಲ್ಲಿ ಕಂಡರೂ ಮೈ ಜುಮ್ಮೆನ್ನುತ್ತಿತ್ತು. ಇಂಥ ಹುಚ್ಚು ಬೇಡವೆಂದು ತಮ್ಮನಿಗೆ ಎಷ್ಟು ಸಲ ಬೈದಿದ್ದಳೋ ಲೆಕ್ಕವಿಲ್ಲ. ಆದರೆ ಅವನು ಹಿಡಿದ ಪಟ್ಟು ಬಿಡುವವನಲ್ಲ. ಅದಕ್ಕೇ ಡಿಪೋದವರು ಅವನಿಗೆ ಉಡ ಎಂದೇ ಹೆಸರಿಟ್ಟಿದ್ದರು. ಬಸ್ಸು ನಿಂತು ಪ್ರಯಾಣಿಕರು ಗೊಣಗಿದಾಗಲೆಲ್ಲ ಅವನು ಪಾಠ ಶುರುಮಾಡುತ್ತಿದ್ದ. ಬಿದ್ದ ಬೀಜವನ್ನೆಲ್ಲ ಇಲಿ ತಿಂದರೆ ಕಾಡಿನಲ್ಲಿ ಸಸಿ ಎಲ್ಲಿಂದ ಏಳಬೇಕು? ಬಿಲದೊಳಗೇ ನುಗ್ಗಿ ಇಲಿ ಹಿಡಿಯುವುದು ಹಾವು. ಸತ್ತದ್ದು ಕೊಳೆತು ನಾರದಂತೆ ತಿಂದು ಮುಗಿಸುವುದು ಉಡ. ಹುಳುಹುಪ್ಪಟೆ ಹೆಕ್ಕುವ ಓತಿಕೇತ ತಾನೇ ಗಿಡುಗನ ಮರಿಗೆ ಊಟ. ಈ ಜೀವಗಳ ಮೈ ತಾನಾಗಿ ಬೆಚ್ಚಗಾಗದು, ಬಿಸಿಲು ಕಾಯದಿದ್ದರೆ ತಿಂದದ್ದು ಅರಗದು. ಮರದ ನೆರಳಿಲ್ಲದ ಜಾಗ ಹುಡುಕಿಕೊಂಡು ರಸ್ತೆಗೆ ಬರುತ್ತವೆ. ರಸ್ತೆ ಮಾಡಿದವರು ಅವಲ್ಲವಲ್ಲ. ಒಮ್ಮೆ ಒಬ್ಬ ಮುದುಕ, ಹಾಗಾದರೆ ನಾಳೆಯಿಂದ ನಾನೂ ರಸ್ತೆಯಲ್ಲಿ ಮಲಗುತ್ತೇನೆ, ನನ್ನನ್ನೂ ಮನೆಯವರೆಗೆ ಬಿಡುತ್ತೀಯಾ ಎಂದು ಕೇಳಿದ್ದಕ್ಕೆ, ನಾಲ್ಕು ಇಲಿ ಹಿಡಿದು ತೋರಿಸಿ ಎಂದಿದ್ದನಂತೆ.

ದಿನದ ಟ್ರಿಪ್ ಶೀಟಿನಲ್ಲಿ ‘ತಡವಾದುದಕ್ಕೆ ಕಾರಣ’ ಎಂಬ ಜಾಗವೊಂದಿತ್ತು. ಅದರಲ್ಲಿ ಅವನು ಇದ್ದದ್ದನ್ನೇ ಬರೆಯುತ್ತಿದ್ದ: ಕೇರೆಹಾವು, ನಾಲ್ಕು ನಿಮಿಷ, ಉಡ, ಆರು ನಿಮಿಷ. ದಾರಿಯಲ್ಲಿ ಡ್ರೈವರ್ ಸೀಟು ಬಿಟ್ಟಿಳಿಯಲು ನಿಯಮ ಒಪ್ಪುತ್ತಿದ್ದದ್ದು ಟೈರ್ ನೋಡಲು ಮಾತ್ರ. ಹೀಗಾಗಿ ಮ್ಯಾನೇಜರ್ ಅದಕ್ಕೆ ಗೀಟೆಳೆದು ‘ಟೈರ್’ ಎಂದು ತಿದ್ದುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ತಿದ್ದುತ್ತಿದ್ದರು. ಕಾಗದದ ಪ್ರಕಾರ ಅವನ ಬಸ್ಸಿನಷ್ಟು ದರಿದ್ರ ಟೈರು ಡಿಪೋದಲ್ಲೇ ಇರಲಿಲ್ಲ. ಆ ತಿರುವಿಗೆ ಎರಡು ಉಬ್ಬು ಹಾಕಿಸಿ, ವಾಹನಗಳು ನಿಧಾನವಾಗಲಿ ಎಂದು ಅವನು ರಸ್ತೆ ಕಚೇರಿಗೆ ಏಳು ಅರ್ಜಿ ಬರೆದಿದ್ದ. ಏಳಕ್ಕೂ ಒಂದೇ ಉತ್ತರ: ಆ ಸ್ಥಳದಲ್ಲಿ ಪ್ರಾಣಿಗಳಿಂದ ವಾಹನ ನಿಂತ ದಾಖಲೆ ಇಲ್ಲ.

ಮೂರನೆಯ ದಿನ ಮ್ಯಾನೇಜರ್ ಅಕ್ಕನನ್ನು ಕರೆಸಿದರು. ಕುರ್ಚಿ ತಾವೇ ಎಳೆದುಕೊಟ್ಟರು. ಮೇಜಿನ ಮೇಲೆ ಅಪಘಾತದ ವರದಿ. ಟೈರ್ ನೋಡಲು ಇಳಿದಾಗ ಲಾರಿ ಬಡಿಯಿತೆಂದು ಬರೆದಾಗಿತ್ತು. ಕಂಡಕ್ಟರ್ ಆಗಲೇ ಸಹಿ ಹಾಕಿದ್ದ; ಗೋಡೆಗೆ ಒರಗಿ ನಿಂತವನು ತಲೆಯೆತ್ತಲಿಲ್ಲ. ಮನೆಯವರ ಸಹಿ ಬಿದ್ದರೆ ಮುಗಿಯಿತು.

ಉಡ ಎಂದು ಬರೆದರೆ ನಿಯಮ ಮುರಿದವನೆಂದು ತಪ್ಪೆಲ್ಲ ಸತ್ತವನ ತಲೆಗೆ ಬರುತ್ತದೆ ಎಂದು ಮ್ಯಾನೇಜರ್ ವಿವರಿಸಿದರು. ಒಂದು ಹುಳಕ್ಕೋಸ್ಕರ ಪ್ರಾಣ ಬಿಟ್ಟ ಎಂದು ಊರು ನಗುತ್ತದೆ. ಅವನ ಮರ್ಯಾದೆ ಉಳಿಯಲಿ ಎಂದೇ ಇದೆಲ್ಲ.

ಅಕ್ಕ ವರದಿಯನ್ನು ಎರಡು ಸಲ ಓದಿದಳು.

“ನಗೋರು ಅವನು ಬದುಕಿದ್ದಾಗಲೂ ನಕ್ಕರು,” ಎಂದಳು. “ಈಗ ನಗಬೇಡಿ ಅಂದ್ರೆ ಬಿಡ್ತಾರಾ? ತಪ್ಪು ಅವನದೇ ಅನ್ನೋದಾದ್ರೆ ಹಾಗೇ ಬರೀರಿ. ಆದ್ರೆ ಉಡ ಅಂತ ಬರೀರಿ, ಮೂರನೇ ತಿರುವು ಅಂತ ಬರೀರಿ.”

“ಅಕ್ಕಾ, ಸುಮ್ನೆ ಹಟ ಮಾಡಬೇಡಿ.”

“ಹಟವೇ ಸರ್. ಇಷ್ಟು ವರ್ಷ ನೀವು ಟೈರ್ ಟೈರ್ ಅಂತ ಬರೆದಿದ್ದಕ್ಕೇ ಅಲ್ಲಿ ದಾಖಲೆ ಇಲ್ಲ. ದಾಖಲೆ ಇಲ್ಲ ಅಂತ ಉಬ್ಬಿಲ್ಲ. ಈಗ ಅವನ ಸಾವನ್ನೂ ಟೈರಿಗೆ ಹಾಕಿದ್ರೆ, ನನ್ನ ತಮ್ಮ ಅಲ್ಲಿ ಇಳಿದೇ ಇಲ್ಲ ಅಂದ ಹಾಗಾಯ್ತು. ನಾನು ಸಹಿ ಹಾಕಲ್ಲ.”

ಮ್ಯಾನೇಜರ್ ಕನ್ನಡಕ ತೆಗೆದು ಒರೆಸಿದರು, ಒರೆಸಿದ್ದನ್ನೇ ಒರೆಸಿದರು. ತಾವು ಇದನ್ನು ತಿದ್ದಿದರೆ ಹಿಂದೆ ತಿದ್ದಿದ್ದೆಲ್ಲ ಹೊರಗೆ ಬರುತ್ತದೆ ಎಂದು ಕೊನೆಗೆ ಬಾಯಿಬಿಟ್ಟರು. ಬರಲಿ ಎಂದಳು ಅಕ್ಕ. ಆಗ ಕಂಡಕ್ಟರ್ ಗೋಡೆ ಬಿಟ್ಟು ಬಂದು, ಕಾಗದವನ್ನು ತನ್ನೆಡೆಗೆ ಎಳೆದುಕೊಂಡು ತನ್ನ ಸಹಿಯ ಮೇಲೆ ಅಡ್ಡಗೀಟು ಹಾಕಿದ.

“ನಾನು ಕಣ್ಣಾರೆ ನೋಡಿದೀನಿ ಸರ್. ಟೈರ್ ಚೆನ್ನಾಗೇ ಇತ್ತು.”

ಮ್ಯಾನೇಜರ್ ಹೊಸ ಹಾಳೆಯೊಂದನ್ನು ತೆಗೆದು ಪೆನ್ನಿನ ಜೊತೆ ಅಕ್ಕನ ಮುಂದೆ ಸರಿಸಿದರು. ನನ್ನ ಕೈಯಲ್ಲಿ ಆಗದು, ಬೇಕಾದರೆ ನೀವೇ ಬರೆಯಿರಿ, ಮೇಲಕ್ಕೆ ಕಳಿಸುತ್ತೇನೆ ಎಂದರು. ಸೂಜಿ ಹಿಡಿದ ಬೆರಳಿಗೆ ಪೆನ್ನು ಒಗ್ಗಲಿಲ್ಲ. ಆದರೂ ದಪ್ಪ ದಪ್ಪ ಅಕ್ಷರಗಳಲ್ಲಿ, ಉಡವೆಂದೂ ಮೂರನೆಯ ತಿರುವೆಂದೂ ಬರೆದು, ಅದು ದಾಟಿತು ಎಂಬುದನ್ನೂ ಸೇರಿಸಿದಳು. ಅದನ್ನು ಬರೆಯಲು ಯಾರೂ ಕೇಳಿರಲಿಲ್ಲ. ಕೆಳಗೆ ಅವಳೂ ಕಂಡಕ್ಟರೂ ಸಹಿ ಹಾಕಿದರು.

ಮೇಲಿನವರು ಏನು ಮಾಡುತ್ತಾರೋ ಅವಳಿಗೆ ಗೊತ್ತಿರಲಿಲ್ಲ. ಹೊಲಿಗೆಯ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದಳು. ತಮ್ಮನ ಬಸ್ಸಿನ ಡ್ರೈವರ್ ಸೀಟಿನ ಹೊದಿಕೆ, ಮೊನ್ನೆ ಹೊಲಿದು ಮುಗಿಸಿದ್ದು, ಅಲ್ಲೇ ಮಡಿಸಿಟ್ಟಿತ್ತು. ಅದರ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದಳು.

“ದೇವರೇ, ತೆವಳುವ ಜೀವಗಳನ್ನೂ ಮಾಡಿದವನು ನೀನೇ. ಅವುಗಳಿಗೆ ದಾರಿ ಬಿಟ್ಟವನು ನಿನ್ನ ಕಡೆ ಹೊರಟಿದ್ದಾನೆ. ಬರುವುದು ಸ್ವಲ್ಪ ತಡವಾದರೆ ಬೈಯಬೇಡ, ಯಾವುದನ್ನೋ ದಾಟಿಸುತ್ತಿರುತ್ತಾನೆ. ಬಂದ ಮೇಲೆ ಬಿಸಿಲು ಬೀಳುವ ಕಡೆ ಕೂರಿಸು. ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡು, ತಂದೆ.”