ಮೆತ್ತೆ ಟೀಪಾಯಿ

“ಮಗೀಗೆ ಎಷ್ಟು ವರ್ಸ ಅಕ್ಕಾ?”

ಸೀಟು ಹೊಲಿಯುವ ನಾಗೇಶ ಟೀಪಾಯಿಯ ಮೂಲೆಗೆ ಅಂಗೈ ಒತ್ತಿ, ಅದರ ಚೂಪು ನೋಡುತ್ತ ಕೇಳಿದ. ಮಗುವಿಗೆ ತಾಗದ ಹಾಗೆ ಮೆತ್ತಗೆ ಮಾಡಿಕೊಡಿ ಅಂದರೆ ಈ ಪ್ರಶ್ನೆ ಬರಬಹುದೆಂದು ಸಿಂಧುಗೆ ಹೊಳೆದೇ ಇರಲಿಲ್ಲ. ತನ್ನೂರು ದುದ್ದದಿಂದ ಹಾಸನದವರೆಗೆ ಲಗೇಜ್ ಆಟೊದಲ್ಲಿ, ಟೀಪಾಯಿ ಉರುಳದಂತೆ ಅದರ ಕಾಲು ಹಿಡಿದು ಕೂತಿದ್ದಷ್ಟು ಹೊತ್ತೂ ಅವಳು ಯೋಚಿಸಿದ್ದು ಬಟ್ಟೆ ಹಾಕಿಸುವುದೋ ರೆಕ್ಸಿನ್ ಹಾಕಿಸುವುದೋ ಎಂಬುದನ್ನು ಮಾತ್ರ.

“ಎರಡು,” ಅಂದಳು.

“ಎರಡಾ? ಅಂಗಾರೆ ಬಟ್ಟೆ ಬ್ಯಾಡ, ರೆಕ್ಸಿನ್ನೇ ಸರಿ. ಉಚ್ಚೆ ಉಯ್ದ್ರೂ ಒರೆಸ್ಕೋಬೌದು.”

“ಹೂಂ. ಈಗ ತಾನೇ ಓಡಾಡೋಕೆ ಶುರು ಮಾಡಿದಾಳೆ. ಸಿಕ್ಕಿದ್ದಕ್ಕೆಲ್ಲ ಹೋಗಿ ಗುದ್ಕೋತಾಳೆ.”

ಬಾಯಿ ತಾನೇ ಆಡಿಬಿಟ್ಟಿತು. ಆಡಿದ ಮೇಲೆ, ಮಗು ಹೆಣ್ಣು ಎಂದು ತಾನು ಯಾವಾಗ ತೀರ್ಮಾನಿಸಿಕೊಂಡೆ ಎಂದು ಅವಳಿಗೇ ಆಶ್ಚರ್ಯವಾಯಿತು. ದತ್ತು ಅರ್ಜಿಯಲ್ಲಿ ಗಂಡಾದರೂ ಸರಿ ಹೆಣ್ಣಾದರೂ ಸರಿ ಎಂದು ಬರೆದುಕೊಟ್ಟಿದ್ದರು. ಎರಡು ವರ್ಷದೊಳಗಿರಲಿ ಎಂದಷ್ಟೇ ಕೇಳಿದ್ದರು. ಆ ಮಗು ಎಲ್ಲಿದೆಯೋ, ಹುಟ್ಟಿದೆಯೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ.

ಸಂತೆಪೇಟೆಯ ಆ ಅಂಗಡಿಯ ತುಂಬ ಬೈಕಿನ ಸೀಟುಗಳು ನೇತಾಡುತ್ತಿದ್ದವು. ಸಿಂಧು ಮೊಬೈಲಿನಲ್ಲಿ ಉಳಿಸಿಕೊಂಡಿದ್ದ ವಿಡಿಯೊ ತೋರಿಸಿದಳು. ಯಾವುದೋ ಊರಿನ ಹೆಂಗಸು ಹಳೆಯ ಟೀಪಾಯಿಯ ಮೇಲೆ ಸ್ಪಂಜು ಹಾಸಿ, ಬಟ್ಟೆ ಎಳೆದು ಮೊಳೆ ಹೊಡೆದು, ಕೂರುವ ಮೆತ್ತೆ ಮಾಡುತ್ತಿದ್ದಳು.

“ಇದಕ್ಕೆ ಆಟಮನ್ ಅಂತಾರಂತೆ.”

“ಆಟೊಮನ್ನಾ? ಆಟೊ ಸೀಟಾದ್ರೆ ಕಣ್ಮುಚ್ಕೊಂಡು ಒಲೀತೀನಿ,” ಎಂದು ನಾಗೇಶ ನಕ್ಕ. ಆಮೇಲೆ ಕೂತು ಟೀಪಾಯಿಯನ್ನು ಮಗುಚಿ ಹಾಕಿ ನೋಡಿದ. “ಅಲಸಿನ ಮರ ಕಣಕ್ಕ, ಗಟ್ಟಿ ಅದೆ. ಮೇಲಿನ ಗ್ಲಾಸ್ ತೆಗ್ದು ಪ್ಲೈವುಡ್ ಬಡೀತೀನಿ. ಮೂಲೆ ದುಂಡಗೆ ಮಾಡಿ, ಕೆಳಗೆ ನಾರು, ಮೇಲೆ ಸ್ಪಂಜು. ಆದ್ರೆ ನಾಕು ಬೆರ್ಳು ಎತ್ರ ಆಯ್ತದೆ. ಮಗು ಅತ್ತಿ ಇಳೀಬೇಕಲ್ಲ, ಕಾಲು ಅಷ್ಟು ಕುಯ್ಬೇಕು.”

“ಕುಯ್ದ ತುಂಡು ಬಿಸಾಕ್ಬೇಡಿ. ನಮ್ಮತ್ತೆಗೆ ಬೇಕಂತೆ,” ಅಂದಳು ಸಿಂಧು.

ಟೀಪಾಯಿ ಮಾಡಿಸಿದ್ದು ಅವಳ ಮಾವ ತಿಮ್ಮಪ್ಪ. ಹೊಲದ ಬದುವಿನಲ್ಲಿ ಬಿದ್ದ ಹಲಸಿನ ಮರದಿಂದ ಬಡಗಿಯನ್ನು ಮನೆಗೇ ಕರೆಸಿ ಮಾಡಿಸಿದ್ದರು. ಅವರಿರುವವರೆಗೆ ಅದರ ಮೇಲೆ ಪೇಪರು, ಕನ್ನಡಕ ಮತ್ತು ಎಲೆಯಡಿಕೆ ತಟ್ಟೆ ಬಿಟ್ಟು ಬೇರೇನನ್ನೂ ಇಡುವಂತಿರಲಿಲ್ಲ. ಅವರು ಹೋಗಿ ಆರು ವರ್ಷವಾದರೂ ಅತ್ತೆ ಕಾಮಾಕ್ಷಮ್ಮ ದಿನಾ ಬೆಳಿಗ್ಗೆ ಗಾಜು ಒರೆಸಿ ಆ ದಿನದ ಪೇಪರನ್ನು ಅದರ ಮೇಲಿಡುತ್ತಿದ್ದರು. ಅವರಿಗೆ ಓದಲು ಬರುತ್ತಿರಲಿಲ್ಲ.

ಮನೆ ನೋಡಲು ಬಂದ ಹಂಸ ಮೇಡಂ ದತ್ತು ಸಂಸ್ಥೆಯ ಕಡೆಯವರು. ಬಾವಿಗೆ ಮುಚ್ಚಳವಿದೆಯೇ, ಬಚ್ಚಲಿಗೆ ಒಳಗಿನಿಂದ ಚಿಲಕವಿದೆಯೇ ಎಂದೆಲ್ಲ ನೋಡಿ ಬರೆದುಕೊಂಡು, ಹೊರಡುವಾಗ ಟೀಪಾಯಿಯ ಮೂಲೆ ಮುಟ್ಟಿದ್ದರು. “ಇದೊಂದನ್ನ ನೋಡ್ಕೊಳ್ಳಿ. ಮಗು ಹಣೆ ಸರಿಯಾಗಿ ಈ ಎತ್ತರಕ್ಕೇ ಬರುತ್ತೆ.”

ಅವರು ಹೋದ ಮೇಲೆ ಸಿಂಧು ಮಂಡಿಯೂರಿ, ಬಗ್ಗಿ, ತನ್ನ ಹಣೆಯನ್ನು ಆ ಮೂಲೆಯ ಮಟ್ಟಕ್ಕೆ ತಂದು ನೋಡಿದಳು. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಎರಡು ಸಲ ಬಸಿರು ನಿಂತದ್ದು ಎರಡು ಸಲವೂ ಮೂರು ತಿಂಗಳು ದಾಟಿರಲಿಲ್ಲ. ಅಷ್ಟು ವರ್ಷಗಳಲ್ಲಿ ಈ ಮನೆಯ ಒಂದು ವಸ್ತುವನ್ನು ಮಗುವಿನ ಕಣ್ಣಿನಿಂದ ಅವಳು ನೋಡಿದ್ದು ಅದೇ ಮೊದಲು.

“ಎತ್ತಿ ಕೊಟ್ಟಿಗೇಲಿಟ್ರಾಯ್ತು ಬಿಡು,” ಅಂದಿದ್ದ ಗಂಡ ಶಶಿಕುಮಾರ್. ಊರಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವ ಅವನಿಗೆ ಯಾವ ತೊಡಕೂ ಹೆಚ್ಚು ಹೊತ್ತು ತೊಡಕಾಗಿ ಉಳಿಯುತ್ತಿರಲಿಲ್ಲ.

ಕಾಮಾಕ್ಷಮ್ಮ ಒಳಗಿನಿಂದಲೇ ಗದರಿದ್ದರು. “ನಿಮ್ಮಪ್ಪ ಪೇಪರ್ ಇಟ್ಕೊಂಡು ಓದ್ತಿದ್ದ ಟೀಪಾಯಿನ ದನಿನ ಕೊಟ್ಟಿಗೇಗೆ ಆಕ್ತೀಯೇನ್ಲಾ?”

ದತ್ತಿನ ಮಾತು ಮೊದಲು ಎದ್ದ ದಿನ “ಯಾರ ಮಗೀನೋ ಏನೋ” ಎಂದು ಒಂದೇ ಒಂದು ಸಲ ಅಂದಿದ್ದರು ಅವರು. ಮತ್ತೆಂದೂ ಅನ್ನಲಿಲ್ಲ. ಆದರೆ ಆ ಮಾತು ಸಿಂಧುವಿನ ಕಿವಿಯಿಂದ ಹೋಗಿರಲಿಲ್ಲ. ಹಾಗಾಗಿ ಟೀಪಾಯಿ ಮನೆಯಲ್ಲೇ ಇರಲಿ, ಬೇಕಾದರೆ ಕಾಲು ಸ್ವಲ್ಪ ಕುಯ್ಯಿಸಿ ಮೆತ್ತಗೆ ಮಾಡಿಸಿಬಿಡೋಣ ಎಂದು ಅವಳು ಹೇಳಿದಾಗ ದೊಡ್ಡ ಜಗಳವನ್ನೇ ನಿರೀಕ್ಷಿಸಿದ್ದಳು. ಕಾಮಾಕ್ಷಮ್ಮ, “ಕುಯ್ದ್ ಕಾಲ ಅಲ್ಲೇ ಬುಟ್ಟು ಬಂದೀಯ, ತಂದ್ಬುಡು” ಅಂದರು, ಅಷ್ಟೇ.

ಎರಡು ವಾರ ಬಿಟ್ಟು ಸಿಂಧು ಹೋದಾಗ ಮೆತ್ತೆ ಸಿದ್ಧವಾಗಿತ್ತು. ಇಟ್ಟಿಗೆಯ ಬಣ್ಣದ ರೆಕ್ಸಿನ್ನು. ಮೂಲೆಗಳು ತೆಂಗಿನಕಾಯಿಯ ಬೆನ್ನಿನ ಹಾಗೆ ದುಂಡಗಾಗಿದ್ದವು. ಮೊಳೆ ಒಂದೂ ಕಾಣದಂತೆ ನಾಗೇಶ ಅಂಚನ್ನು ಒಳಕ್ಕೆ ಮಡಚಿ ಹೊಡೆದಿದ್ದ.

“ಮಗೀನ ಕರ್ಕೊಂಡ್ ಬರ್ಬೇಕಿತ್ತು ಕಣಕ್ಕ. ಕೂರ್ಸಿ ನೋಡಿದ್ರೆ ಎತ್ರ ಇನ್ನೂ ಕಮ್ಮಿ ಮಾಡ್ಬೇಕೋ ಏನೋ ಗೊತ್ತಾಗೋದು. ಏನೆಸ್ರು?”

ಸಿಂಧು ಬಾಯಿ ತೆರೆದಳು. ಒಂದಲ್ಲ, ಮೂರು ನಾಲ್ಕು ಹೆಸರುಗಳು ಅವಳ ಬಾಯಲ್ಲೇ ಇದ್ದವು. ಯಾವುದನ್ನು ಹೇಳಿದರೂ ಉಳಿದವು ಸುಳ್ಳಾಗಿಬಿಡುತ್ತವೆ ಅನ್ನಿಸಿತು.

“ಮಗು ಇಲ್ಲ,” ಅಂದಳು. “ಇನ್ನೂ ಬಂದಿಲ್ಲ. ದತ್ತು ತಗೊಳ್ಳೋಕೆ ಅರ್ಜಿ ಹಾಕಿದೀವಿ. ಅವತ್ತು ನೀವು ಕೇಳಿದ್ರಲ್ಲ, ಸುಮ್ನೆ ಹೇಳ್ಬಿಟ್ಟೆ.”

ನಾಗೇಶ ಅವಳ ಮುಖ ನೋಡಲಿಲ್ಲ. ಮೆತ್ತೆಯ ಒಂದು ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದ. ಆಮೇಲೆ ಅದನ್ನು ತಾನೇ ಎತ್ತಿ ಹೊರಗೆ ಆಟೊದಲ್ಲಿಟ್ಟು, ಕೆಳಗೆ ಗೋಣಿಚೀಲ ಮಡಚಿ ಇಟ್ಟ.

“ಎತ್ರ ಸರಿಯಾಗೇ ಅದೆ ಬುಡಿ,” ಅಂದ. “ಮಗು ಬತ್ತದೆ.”

ಕುಯ್ದ ನಾಲ್ಕು ತುಂಡುಗಳನ್ನು ಕಾಮಾಕ್ಷಮ್ಮ ರಾಗಿ ಡಬ್ಬದ ಕೆಳಗಿಟ್ಟರು, ನೆಲದ ತೇವ ತಾಗದ ಹಾಗೆ. ಪೇಪರನ್ನು ಈಗ ಕಿಟಕಿಯ ಮೇಲಿಡುತ್ತಿದ್ದರು. ಮೆತ್ತೆಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಸಿಂಧು ತೆಗೆಯಲಿಲ್ಲ, ಬೇರೆಯವರೂ ತೆಗೆಯಲಿಲ್ಲ. ನೆಂಟರು ಬಂದರೆ ಅವರು ಅದನ್ನು ಸುತ್ತಿ ಹೋಗಿ ಕುರ್ಚಿಯ ಮೇಲೆ ಕೂರುತ್ತಿದ್ದರು.

ಕಾಯುವವರ ಪಟ್ಟಿಯಲ್ಲಿ ತಮ್ಮ ಸಂಖ್ಯೆ ಎಷ್ಟಾಯಿತೆಂದು ಮೊಬೈಲಿನಲ್ಲಿ ನೋಡುವುದು ಸಿಂಧುವಿಗೆ ಅಭ್ಯಾಸವಾಯಿತು. ಹಾಸನದ ಶಾಲೆಯೊಂದರ ಆಫೀಸಿನಲ್ಲಿ ಅವಳ ಕೆಲಸ. ಜೂನ್ ಬಂದರೆ ಒಂದನೇ ತರಗತಿಗೆ ಸೇರುವ ಮಕ್ಕಳ ಹೆಸರು, ಹುಟ್ಟಿದ ತಾರೀಕು ಬರೆಯಬೇಕು. ಒಂದು ಜೂನ್ ಹೋಯಿತು, ಇನ್ನೊಂದು ಹೋಯಿತು. ನಾಗೇಶನಿಗೆ ಅವಳು ಹೇಳಿದ ಮಗು ಈಗ ಇದ್ದಿದ್ದರೆ ಮಾತಾಡುತ್ತಿತ್ತು, ಈಗ ಅಂಗನವಾಡಿಗೆ ಹೋಗುತ್ತಿತ್ತು ಎಂದು ಅವಳ ಮನಸ್ಸು ತನ್ನಷ್ಟಕ್ಕೆ ಲೆಕ್ಕ ಹಾಕುತ್ತಿತ್ತು. ಇಲ್ಲದ ಮಗುವೂ ಬೆಳೆಯುತ್ತದೆ ಎಂಬುದು ಅವಳಿಗೆ ಮೊದಲು ತಿಳಿದಿರಲಿಲ್ಲ.

ಮೂರನೆಯ ವರ್ಷ ಹಂಸ ಮೇಡಂ ಫೋನು ಮಾಡಿದರು.

“ನಿಮ್ಮಿಬ್ಬರ ವಯಸ್ಸು ಕೂಡಿಸಿದ್ರೆ ಮಿತಿ ದಾಟಿಬಿಟ್ಟಿದೆ ಸಿಂಧು. ಇನ್ನು ಎರಡು ವರ್ಷದೊಳಗಿನ ಮಗು ಸಿಗಲ್ಲ. ನಿಮಗೆ ಹೇಗೆ ಹೇಳೋದು ಅಂತಾನೇ ಎರಡು ದಿನ ಸುಮ್ನಿದ್ದೆ.” ಆಮೇಲೆ, “ಮೂರು ನಾಲ್ಕು ವರ್ಷದ ಮಕ್ಕಳಿಗೂ ಸಾಲು ಉದ್ದ ಇದೆ. ಇನ್ನೂ ದೊಡ್ಡ ಮಕ್ಕಳಿದಾರೆ. ಮನಸ್ಸಿದ್ರೆ ಹೇಳಿ. ಅವರಿಗೆ ಕಾಯೋವ್ರು ಕಡಿಮೆ,” ಅಂದರು.

ಸಿಂಧು ಆ ದಿನ ಮಧ್ಯಾಹ್ನವೇ ರಜೆ ಹಾಕಿ ದುದ್ದದ ಬಸ್ಸು ಹತ್ತಿದಳು. ಮನೆಗೆ ಬಂದವಳು ಚೀಲ ಕೂಡ ಇಳಿಸದೆ ಮೆತ್ತೆಯ ಮೇಲೆ ಕೂತಳು. ಪ್ಲಾಸ್ಟಿಕ್ಕು ಚರಪರ ಸದ್ದು ಮಾಡಿತು. ಅದು ನಿಜಕ್ಕೂ ಮೆತ್ತಗಿತ್ತು. ಇಷ್ಟು ಮೆತ್ತಗಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಆಗ ಅಳು ಬಂತು.

ಹಿತ್ತಲಿನಿಂದ ಬಂದ ಕಾಮಾಕ್ಷಮ್ಮ ಬಾಗಿಲಲ್ಲೇ ನಿಂತರು. “ಏನಾಯ್ತವ್ವ?”

“ಚಿಕ್ಕ ಮಗು ಬರಲ್ಲ ಅತ್ತೆ. ನಮಗೆ ವಯಸ್ಸಾಯ್ತಂತೆ. ಬೇಕಾದ್ರೆ ದೊಡ್ಡ ಮಗು ತಗೊಳ್ಳಿ ಅಂತಾರೆ. ಎಂಟು, ಒಂಬತ್ತು, ಹತ್ತು ವರ್ಷದ್ದು. ಅದಕ್ಕೆಲ್ಲಾ ಗೊತ್ತಿರುತ್ತೆ. ನಾನು ಯಾರೂ ಅಲ್ಲ ಅಂತ ಗೊತ್ತಿರುತ್ತೆ.”

ಕಾಮಾಕ್ಷಮ್ಮ ಕೈ ಒರೆಸಿಕೊಂಡು ಗೋಡೆಗೆ ಒರಗಿ ನೆಲದ ಮೇಲೆ ಕೂತರು.

“ಈ ಮನೆಗೆ ಬಂದಾಗ ನಂಗೆ ಅದಿನಾಕು ವರ್ಸ,” ಅಂದರು. “ಒಂದ್ ತಿಂಗ್ಳು ಕೊಟ್ಟಿಗೇಲಿ ಕುಂತ್ಕೊಂಡು ಅಳ್ತಿದ್ದೆ. ನಮ್ಮತ್ತೆ ಅಲ್ಲಿಗೇ ಬಂದು ತಲೆ ಬಾಚಿ ಓಗೋರು, ಒಂದ್ ಮಾತೂ ಆಡ್ತಿರ್ನಿಲ್ಲ. ದೊಡ್ಡೋಳಾಗೇ ಬಂದೆ ಕಣವ್ವ. ಆದ್ರೆ ಬೆಳೆದದ್ದು ಇಲ್ಲೇ.”

ಎದ್ದು ಕಾಫಿಗಿಡಲು ಹೋದರು.

ಸಿಂಧು ಆ ಮಾತನ್ನು ಹದಿನೈದು ದಿನ ಹೊತ್ತು ತಿರುಗಿದಳು. ಎರಡು ವರ್ಷದ ಆ ಮಗುವನ್ನು ಬಿಟ್ಟುಕೊಡುವುದು ಸುಲಭವಿರಲಿಲ್ಲ. ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಹಾಗಾಗಿ ಅದಕ್ಕಾಗಿ ಅಳಲು ಅವಳೊಬ್ಬಳೇ ಇದ್ದಳು. ಹದಿನಾರನೆಯ ದಿನ ಡೈರಿಯ ಹತ್ತಿರ ಹೋಗಿ, ಹಾಲಿನ ಕ್ಯಾನುಗಳ ನಡುವೆ ನಿಂತಿದ್ದ ಗಂಡನಿಗೆ, “ಹಂಸ ಮೇಡಂಗೆ ಹೂಂ ಅಂತ ಹೇಳ್ಬಿಡಿ” ಅಂದಳು. ಶಶಿಕುಮಾರ್ ಅಲ್ಲೇ ಫೋನು ತೆಗೆದ. ಹಾಲು ತಂದವರು ಪಾತ್ರೆ ಹಿಡಿದು ಕಾಯುತ್ತಿದ್ದರು.

ಹುಡುಗಿಯ ಹೆಸರು ಧನ್ಯಾ. ಒಂಬತ್ತು ವರ್ಷ. ಉತ್ತರದ ಜಿಲ್ಲೆಯೊಂದರ ಮಕ್ಕಳ ಮನೆಯಲ್ಲಿದ್ದಳು. ವಿಡಿಯೊ ಕರೆಯಲ್ಲಿ ಎಣ್ಣೆ ಹಚ್ಚಿ ಎರಡು ಜಡೆ ಬಿಗಿದುಕೊಂಡು ಕೂತಿದ್ದವಳು, ಇವರು ಕೇಳಿದ್ದಕ್ಕೆಲ್ಲ ತಲೆ ಆಡಿಸಿ, ಕೊನೆಗೆ ತಾನೂ ಒಂದು ಪ್ರಶ್ನೆ ಕೇಳಿದಳು.

“ನಿಮ್ಮ ಮನ್ಯಾಗ ಎಮ್ಮಿ ಅದಾವೇನ್ರಿ?”

“ಹಸು ಇದಾವೆ. ಎರಡು,” ಅಂದ ಶಶಿಕುಮಾರ್.

“ಎಮ್ಮಿ ಇಲ್ಲೇನು?” ಎಂದು ಹುಡುಗಿ ನಿರಾಶೆಯಿಂದ ಪಕ್ಕದಲ್ಲಿದ್ದ ಯಾರನ್ನೋ ನೋಡಿದಳು.

ಕಾಗದಪತ್ರಗಳೆಲ್ಲ ಮುಗಿದು ಅವಳು ದುದ್ದಕ್ಕೆ ಬಂದಾಗ ಡಿಸೆಂಬರ್. ಪ್ಲಾಸ್ಟಿಕ್ಕನ್ನು ಹಿಂದಿನ ದಿನವೇ ಸಿಂಧು ಕಿತ್ತು ತೆಗೆದಿದ್ದಳು. ಧನ್ಯಾ ಒಳಗೆ ಬಂದು ಸುತ್ತ ನೋಡಿ, ಮೆತ್ತೆಯನ್ನೇ ಆರಿಸಿಕೊಂಡು ಕೂತಳು. ಬಾಗಿಲಿಗೆ ಹತ್ತಿರವಿದ್ದದ್ದು ಅದೇ. ಎರಡು ವರ್ಷದ ಮಗುವಿಗೆಂದು ಕಾಲು ಕುಯ್ಯಿಸಿದ್ದರಿಂದ ಅವಳ ಮಂಡಿ ಎದೆಯ ಹತ್ತಿರಕ್ಕೆ ಬಂತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಗಲ್ಲ ಊರಿದಳು.

ಊಟ ಮಾಡುತ್ತಿದ್ದಳು, ಕರೆದರೆ ಬರುತ್ತಿದ್ದಳು, ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಉಳಿದ ಹೊತ್ತೆಲ್ಲ ಚೀಲದ ಸಮೇತ ಅಲ್ಲೇ. ಜಡೆ ತಾನೇ ಹೆಣೆದುಕೊಳ್ಳುತ್ತಿದ್ದಳು. ಸಿಂಧು ಬಾಚಣಿಗೆ ಹಿಡಿದು ಹತ್ತಿರ ಹೋದರೆ, “ನಾ ಹಾಕ್ಕೊಂತೀನ್ರಿ ಮೇಡಂ” ಎಂದು ಬಾಚಣಿಗೆ ಇಸಿದುಕೊಳ್ಳುತ್ತಿದ್ದಳು. ಮೇಡಂ ಎಂಬ ಮಾತನ್ನು ಸಿಂಧು ತಿದ್ದಲು ಹೋಗಲಿಲ್ಲ. ಒಂದು ಬೆಳಿಗ್ಗೆ ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು ಹುಡುಗಿ ಕೇಳಿದಳು: “ಬಸಮ್ಮ ಈಗ ನಾಷ್ಟಾ ಮಾಡಿರತಾಳೇನ್ರಿ?” ಬಸಮ್ಮ ಯಾರೆಂದು ಸಿಂಧುಗೆ ಗೊತ್ತಿರಲಿಲ್ಲ; ಮಕ್ಕಳ ಮನೆಯಲ್ಲಿ ಜೊತೆಗಿದ್ದವಳಿರಬೇಕು. ಮಾಡಿರ್ತಾಳೆ ಅಂದಳು. ಹುಡುಗಿ ಆಮೇಲೆ ತಟ್ಟೆಗೆ ಕೈ ಹಾಕಿದಳು.

ಹನ್ನೊಂದನೆಯ ದಿನ ಭಾನುವಾರ. ಮಧ್ಯಾಹ್ನ ಕಾಮಾಕ್ಷಮ್ಮ ಸೊಗಡಿನ ಅವರೆಕಾಯಿ ತುಂಬಿದ ಮೊರ ಹಿಡಿದು ಹಿತ್ತಲಿನಿಂದ ಬಂದರು. ಜಗುಲಿಯಲ್ಲಿ ಬಿಸಿಲು, ನೆಲದ ಮೇಲೆ ಕೂರಲು ಮಂಡಿನೋವು. ಕುರ್ಚಿಗಳು ಖಾಲಿಯೇ ಇದ್ದವು. ಅವರು ಮೆತ್ತೆಯ ಹತ್ತಿರ ಬಂದು ನಿಂತರು. ಅದು ಮನೆಗೆ ಬಂದ ಮೇಲೆ ಅವರು ಒಂದು ದಿನವೂ ಅದರ ಮೇಲೆ ಕೂತಿರಲಿಲ್ಲ.

“ವಸಿ ಅತ್ಲಾಗ್ ಸರ್ಕೊಳ್ಳವ್ವ.”

ಧನ್ಯಾ ತಲೆ ಎತ್ತಿದಳು. “ವಸಿ ಅಂದ್ರ ಏನ್ರಿ?”

ಕಾಮಾಕ್ಷಮ್ಮ ಅಡುಗೆಮನೆಯ ಬಾಗಿಲಲ್ಲಿದ್ದ ಸೊಸೆಯ ಕಡೆ ನೋಡಿದರು. ಸಿಂಧು ನೀವೇ ಹೇಳಿ ಎಂಬಂತೆ ತಲೆಯಾಡಿಸಿದಳು.

“ವಸಿ ಅಂದ್ರೆ… ವಸೀನೇ ಕಣವ್ವ.” ಮೊರವನ್ನು ಸೊಂಟಕ್ಕೆ ಆನಿಸಿಕೊಂಡು ಹೆಬ್ಬೆರಳನ್ನೂ ತೋರುಬೆರಳನ್ನೂ ಹತ್ತಿರ ತಂದು ತೋರಿಸಿದರು. “ಇಷ್ಟು.”

ಹುಡುಗಿ ಆ ಎರಡು ಬೆರಳುಗಳ ನಡುವಿನ ಜಾಗವನ್ನು ಗಮನವಿಟ್ಟು ನೋಡಿದಳು. ತೊಡೆಯ ಮೇಲಿನ ಚೀಲವನ್ನು ಎತ್ತಿ ನೆಲಕ್ಕಿಟ್ಟಳು. ಆಮೇಲೆ ಸರಿದಳು, ಸರಿಯಾಗಿ ಅಷ್ಟೇ. ಕಾಮಾಕ್ಷಮ್ಮ ಉಸ್ಸೆಂದು ಕೂತರು. ಮೊರದ ಅರ್ಧ ಅವರ ತೊಡೆಯ ಮೇಲೆ, ಅರ್ಧ ಅವಳ ತೊಡೆಯ ಮೇಲೆ ಬಂತು.

ಅಲ್ಲಿ ಮೂರನೆಯವರಿಗೆ ಜಾಗವಿರಲಿಲ್ಲ. ಸಿಂಧು ಹೊಸಿಲ ಮೇಲೇ ನಿಂತು ನೋಡಿದಳು. ಧನ್ಯಾ ಒಂದು ಅವರೆಕಾಯಿ ಎತ್ತಿಕೊಂಡು, ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿ ಮೂಸುತ್ತಿದ್ದಳು.