ಚನ್ನಯ್ಯನವರ ಸೀಲು ಹಾಕಿದ ಕಾಟಾ

ಕಂಪ್ಲಿಯಲ್ಲಿ ರೈಸ್ ಮಿಲ್ಲು ನಡೆಸುವ ಚನ್ನಯ್ಯನವರಿಗೆ ತೂಕದ ವಿಷಯದಲ್ಲಿ ಪಾಠ ಹೇಳುವ ಗಂಡಸು ಇನ್ನೂ ಹುಟ್ಟಿರಲಿಲ್ಲ. ಎಮ್ಮಿಗನೂರಿನ ಭತ್ತದ ಚೀಲವನ್ನು ದೂರದಿಂದಲೇ ನೋಡಿ ಇಷ್ಟು ಕೆಜಿ, ಇಷ್ಟು ತೇವ ಎಂದರೆ ತೂಗುವ ಕಾಟಾ ಕೂಡ ಹೆಚ್ಚುಕಡಿಮೆ ಅದನ್ನೇ ಒಪ್ಪುತ್ತಿತ್ತು. ಅಂಥವರಿಗೆ ಹದಿನೈದು ವರ್ಷದ ಮಗಳು ಶಾಂಭವಿ ದಪ್ಪಗಾಗಿದ್ದಾಳೆಂದು ತಿಳಿದದ್ದು ನೆಂಟರ ಮದುವೆಯಲ್ಲಿ, ಊಟದ ಪಂಕ್ತಿಯಲ್ಲಿ ಕೂತಾಗ. ಹುಡುಗಿಗೆ ಮೈ ಬಂದಿದೆ, ಈಗಲೇ ನೋಡಿಕೊಳ್ಳಿ ಎಂದು ಯಾರೋ ಹೋಳಿಗೆ ಬಡಿಸುತ್ತ ಎಚ್ಚರಿಸಿದರು. ಎಚ್ಚರಿಸಿ, ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿಯೇ ಮುಂದೆ ಹೋದರು.

ಸಂಬಂಧಿಕರ ವಾಟ್ಸಪ್ ಗ್ರೂಪಿನಲ್ಲಿ ಅರವತ್ನಾಲ್ಕು ಜನ. ಚನ್ನಯ್ಯ ಒಂದು ಪ್ರಶ್ನೆ ಹಾಕಿದ್ದೇ ತಡ, ಅರವತ್ನಾಲ್ಕೂ ಜನ ಡಾಕ್ಟರಾದರು. ಒಬ್ಬರು ಜೀರಿಗೆ ನೀರೆಂದರು. ಚೋರನೂರಿನ ಚಿಕ್ಕಮ್ಮ ರೊಟ್ಟಿ ಬಿಟ್ಟು ಬೇರೇನೂ ಮುಟ್ಟಬಾರದೆಂದರು. ಅದರ ಬೆನ್ನಿಗೇ ರೊಟ್ಟಿ ವಿಷ ಎಂಬ ವಿಡಿಯೊ ಬಂತು. ಅನ್ನ ಪೂರ್ತಿ ಬಿಡಿಸಿ ಎಂದರು ಇನ್ನೊಬ್ಬರು, ಅದೂ ರೈಸ್ ಮಿಲ್ಲಿನವರ ಮನೆಗೆ! ಭತ್ತದ ಚೀಲ ಬಂದರೆ ನಡುವಿನಿಂದ ಹಿಡಿ ಕಾಳು ತೆಗೆದು, ಉಜ್ಜಿ, ಹಲ್ಲಿನಲ್ಲಿ ಕಚ್ಚಿ ನೋಡದೆ ಒಳಗೆ ಬಿಡದ ಈ ಮನುಷ್ಯ, ಮಗಳ ಹೊಟ್ಟೆಯ ವಿಷಯದಲ್ಲಿ ಬಂದದ್ದನ್ನೆಲ್ಲ ಹಾಗೇ ನಂಬಿದರು. ಯಾಕೆಂದರೆ ಎಲ್ಲದರ ಕೆಳಗೂ ವಿಜ್ಞಾನಿಗಳು ಹೇಳಿದ್ದಾರೆ ಎಂದು ಬರೆದಿತ್ತು. ಯಾವ ವಿಜ್ಞಾನಿ, ಯಾವ ಊರವನು, ಕೇಳಿದವರು ಯಾರು?

ಕೊನೆಗೆ ಹೊಸಪೇಟೆಯಿಂದ ಈಶ್ವರ್ ಎಂಬವನು ತೂಕ ಇಳಿಸುವ ಪುಡಿಯ ಡಬ್ಬಿ ಹಿಡಿದುಕೊಂಡು ಮನೆಗೇ ಬಂದ. ಮೊದಲು ಸಂಡೂರಿನ ಅದಿರು ಲಾರಿಗಳಿಗೆ ಇನ್ಶೂರೆನ್ಸ್ ಮಾಡಿಸುತ್ತಿದ್ದವನು, ಈಗ ಮನುಷ್ಯರ ಕಡೆ ತಿರುಗಿದ್ದ. ಬೆಳಿಗ್ಗೆ ರಾತ್ರಿ ಊಟದ ಬದಲು ಒಂದೊಂದು ಲೋಟ ಪುಡಿ ಕುಡಿಸಿದರೆ ಸಾಕು ಎಂದು, ಪುಡಿಗೆ ಮುಂಚಿನ ಮತ್ತು ಪುಡಿಯ ನಂತರದ ಎರಡು ಫೋಟೋ ತೋರಿಸಿದ. ಚನ್ನಯ್ಯನವರ ಹೆಂಡತಿ ನೀಲಗಂಗಮ್ಮ ಕನ್ನಡಕ ಹಾಕಿಕೊಂಡು ನೋಡಿ, ಇವರಿಬ್ಬರೂ ಬೇರೆ ಬೇರೆ ಹೆಂಗಸರು, ಮೂಗು ನೋಡಿ ಎಂದರು. ತೂಕ ಇಳಿದರೆ ಮೂಗೂ ಇಳಿಯುತ್ತದೆ ಎಂದ ಈಶ್ವರ್. ಚನ್ನಯ್ಯ ತಲೆಯಾಡಿಸಿದರು.

ಪುಡಿ ಶುರುವಾದ ಮೇಲೆ ಅದರ ಗುಣ ಅಳೆಯಬೇಕಲ್ಲ. ಅಂಗಡಿಯಲ್ಲಿ ಸಿಗುವ ಪುಟ್ಟ ತೂಕದ ಯಂತ್ರದ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. ಮಿಲ್ಲಿನ ಕಾಟಾಕ್ಕೆ ವರ್ಷ ವರ್ಷ ಸರ್ಕಾರದ ಸೀಲು ಬೀಳುತ್ತದೆ. ಒಂದು ಭಾನುವಾರ ಬೆಳಿಗ್ಗೆ, ಬ್ಯಾಡ ಅಪ್ಪಾಜಿ ಅನ್ನುತ್ತಿದ್ದ ಮಗಳನ್ನು ಕರೆತಂದು ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸಿಯೇಬಿಟ್ಟರು.

ಭತ್ತದ ಮಿಲ್ಲಿನಲ್ಲಿ ತೂಕವನ್ನು ಕೂಗಿ ಹೇಳಬೇಕು. ಮೋಸವಿಲ್ಲವೆಂದು ರೈತನ ಕಿವಿಗೆ ಬೀಳಲಿ ಎಂದು ಚನ್ನಯ್ಯನವರ ತಂದೆ ಮಾಡಿದ ಪದ್ಧತಿ ಅದು. ಇಪ್ಪತ್ತು ವರ್ಷದಿಂದ ಕಾಟಾದ ಪಕ್ಕ ನಿಂತ ಎರ್ರೆಪ್ಪ ಹಲಗೆಯ ಮೇಲೆ ಯಾರಿದ್ದಾರೆಂದು ತಲೆಯೆತ್ತಿ ನೋಡಲೂ ಇಲ್ಲ. "ಎಪ್ಪತ್ತೊಂಬತ್ತೂ ಇನ್ನೂರು" ಎಂದು ಕೆಜಿ, ಗ್ರಾಂ ಸಮೇತ ಅಂಗಳ ತುಂಬ ಕೂಗಿದ. ಸಾಲಿನಲ್ಲಿದ್ದ ರೈತನೊಬ್ಬ ಖಾಲಿ ಚೀಲದ ತೂಕ ಕಳೆಯಪ್ಪಾ ಎಂದ. ಇಡೀ ಮಿಲ್ಲು ನಕ್ಕಿತು, ಜೊತೆಗೆ ಚನ್ನಯ್ಯನವರೂ ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂದರೆ ಇದೇ ಕಣ್ರೀ.

ಸೋಮವಾರ ಶಾಂಭವಿ ಶಾಲೆಗೆ ಹೋಗುವಷ್ಟರಲ್ಲಿ ಆ ಸಂಖ್ಯೆ ಅಲ್ಲಿ ಮೊದಲೇ ಹೋಗಿ ಕೂತಿತ್ತು. ಮಂಗಳವಾರ ಅವಳು ಶಾಲೆಗೆ ಹೋಗಲಿಲ್ಲ. ಬುಧವಾರದಿಂದ ಊಟಕ್ಕೂ ಬರಲಿಲ್ಲ. ಕರೆದರೆ ಹಸಿವಿಲ್ಲ ಎಂದು ಬಾಗಿಲ ಹಿಂದಿನಿಂದಲೇ ಹೇಳುತ್ತಿದ್ದಳು. ಹುಡುಗಿ ದಾರಿಗೆ ಬಂದಳು ಎಂದು ಚನ್ನಯ್ಯ ಗ್ರೂಪಿನಲ್ಲಿ ಹಾಕಿದರು. ಮೂವತ್ತೆಂಟು ಹೆಬ್ಬೆರಳು ಬಿದ್ದವು.

ಕಾಟಾ ಹತ್ತಿಸಿದ ಹನ್ನೆರಡನೆಯ ದಿನ ಅವಳು ಬಚ್ಚಲಲ್ಲಿ ತಲೆ ತಿರುಗಿ ಬಿದ್ದಳು. ನೀಲಗಂಗಮ್ಮನ ಕೂಗು ಕೇಳಿ ಓಡಿದ ಚನ್ನಯ್ಯ ಮಗಳನ್ನು ಎತ್ತಿಕೊಂಡರು. ಅವಳ ತುಟಿ ಒಣಗಿ ಬೆಳ್ಳಗಾಗಿತ್ತು. ಮಗಳು ಎಲ್ಲಿ ಕೈಬಿಟ್ಟು ಹೋಗುತ್ತಾಳೋ ಎಂಬ ಹೆದರಿಕೆಯಲ್ಲಿ, ಗ್ರೂಪನ್ನು ಕೇಳದೆ ಮಾಡಿದ ಮೊದಲ ಕೆಲಸವೆಂದರೆ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊಸಪೇಟೆಗೆ ಹೊರಟಿದ್ದು.

ಮಕ್ಕಳ ಡಾಕ್ಟರು ಅಂಜಲಿ ಹುಡುಗಿಗೆ ಗ್ಲೂಕೋಸ್ ಹಾಕಿಸಿದರು, ರಕ್ತ ಪರೀಕ್ಷೆಗೆ ಬರೆದರು. ಸುಧಾರಿಸಿಕೊಂಡ ಮೇಲೆ ಅವಳೊಬ್ಬಳನ್ನೇ ಒಳಗೆ ಕರೆದು, ಪರದೆ ಎಳೆದು ತೂಕ ನೋಡಿ, ಅರ್ಧ ಗಂಟೆ ಮಾತಾಡಿದರು. ಆಮೇಲೆ ಚನ್ನಯ್ಯನವರ ಸರದಿ. ಅವರು ಮೊಬೈಲಿನಲ್ಲಿದ್ದ ಎಲ್ಲವನ್ನೂ ತೋರಿಸಿ, ತೂಗಿದ್ದು ವರ್ಷ ವರ್ಷ ಸೀಲು ಬೀಳುವ ಮಿಲ್ಲಿನ ಕಾಟಾದಲ್ಲೇ ಎಂದೂ ಹೇಳಿದರು. ಡಾಕ್ಟರು ತಾಳ್ಮೆಯಿಂದ ನೋಡಿ ಮೊಬೈಲನ್ನು ಮೇಜಿನ ಮೇಲೆ ಬೋರಲು ಹಾಕಿದರು.

"ನಿಮ್ಮ ಕಾಟಾಕ್ಕ ವರ್ಷಕ್ಕೊಮ್ಮೆ ಸೀಲ್ ಹಾಕಸ್ತೀರಲ್ರಿ. ಈ ಮಾತಿಗೆಲ್ಲ ಸೀಲ್ ಹಾಕಿದೋರು ಯಾರ್ರಿ?"

ಬೆಳೆಯುವ ಮಕ್ಕಳನ್ನು ಉಪವಾಸ ಕೆಡವಬಾರದು, ಪುಡಿಯನ್ನು ಇವತ್ತೇ ನಿಲ್ಲಿಸಿ ಎಂದರು ಡಾಕ್ಟರು. ಅನ್ನ ರೊಟ್ಟಿ ಎರಡೂ ಇರಲಿ, ತರಕಾರಿ ಬೇಳೆ ಹೆಚ್ಚಲಿ, ಕರಿದದ್ದು ಮತ್ತು ಬಾಟಲಿಯ ಸಕ್ಕರೆ ಪಾನೀಯ ಇಡೀ ಮನೆಗೇ ಕಡಿಮೆಯಾಗಲಿ, ಹುಡುಗಿ ಆಡಲಿ, ಹೊತ್ತಿಗೆ ಮಲಗಲಿ, ತಿಂಗಳು ಬಿಟ್ಟು ಬನ್ನಿ. ಇಷ್ಟೇ. ಇದರಲ್ಲಿ ಗುಟ್ಟಿಲ್ಲ, ವಾರದಲ್ಲಿ ಹತ್ತು ಕೆಜಿ ಇಲ್ಲ, ಮೂಗು ಇಳಿಯುವ ಫೋಟೋವೂ ಇಲ್ಲ. ಇಂಥ ಸಪ್ಪೆ ಮಾತನ್ನು ಫಾರ್ವರ್ಡ್ ಮಾಡುವವರು ಯಾರು ಎಂದು ಅವರಿಗೆ ನಿಜಕ್ಕೂ ಬೇಸರವಾಯಿತು. ಏಳುವಾಗ ತಡೆಯಲಾರದೆ, ತೂಕ ಎಷ್ಟು ಬಂತೆಂದು ಕೇಳಿದರು.

"ಹೇಳಬ್ಯಾಡ್ರಿ ಅಂದಾಳ. ಆಕಿಗೆ ನೋವಾಗಿದ್ದು ತೂಕಕ್ಕಲ್ರಿ, ಎಲ್ಲರ ಜೋಡಿ ಅಪ್ಪಾಜಿನೂ ನಕ್ರು ಅಂತ."

ಚನ್ನಯ್ಯ ಬಾಗಿಲ ಹತ್ತಿರ ನಿಂತುಬಿಟ್ಟರು. ಆ ನಗು ಅವರಿಗೆ ಅಲ್ಲಿಯವರೆಗೆ ನೆನಪೇ ಇರಲಿಲ್ಲ.

ಕಾರಿನಲ್ಲಿ ಶಾಂಭವಿ ಕಿಟಕಿಗೆ ತಲೆ ಆನಿಸಿ ಕೂತಳು. ಮೊಬೈಲು ಒಂದೇ ಸಮನೆ ಗುಂಯ್ ಅನ್ನುತ್ತಿತ್ತು. ಎಷ್ಟು ಇಳಿದಿದ್ದಾಳೆ, ಈಗ ಎಷ್ಟಿದ್ದಾಳೆ ಎಂದು ಅರವತ್ನಾಲ್ಕು ಡಾಕ್ಟರೂ ಕೇಳುತ್ತಿದ್ದರು. ಊರಿಗೆಲ್ಲ ತೂಕ ಹೇಳಿ ಬದುಕಿದ ಮನುಷ್ಯ, ಕಾರು ಹೊರಡಿಸುವ ಮುಂಚೆ, ಮಗಳಿಗೆ ಕಾಣುವಂತೆ ಮೊಬೈಲು ಹಿಡಿದು, ನನಗೆ ಗೊತ್ತಿಲ್ಲ ಎಂದು ನಿಧಾನವಾಗಿ ಒತ್ತಿದರು. ಆಮೇಲೆ ಗ್ರೂಪಿನಿಂದಲೇ ಹೊರಬಿದ್ದರು.

"ಅವತ್ತು ನಾನೂ ನಕ್ಕಬಿಟ್ಟೆ, ನನ್ನವ್ವ. ತಪ್ಪಾತು."

ಕಾರು ಊರು ದಾಟಿತು, ಕಾಲುವೆ ದಾಟಿತು, ಭತ್ತದ ಗದ್ದೆಗಳು ಶುರುವಾದವು. ಕಿಟಕಿಯ ಕಡೆಯಿಂದ ಸಣ್ಣ ದನಿ ಬಂತು.

"ಅಪ್ಪಾಜಿ, ಹಸಿವಾಗೈತಿ."

ಚನ್ನಯ್ಯನವರಿಗೆ ಮುಂದಿನ ರಸ್ತೆ ಮಂಜಾಗಿ ಕಂಡಿತು. ಕಾರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿ, ಹೊರಡುವ ಗಡಿಬಿಡಿಯಲ್ಲೂ ನೀಲಗಂಗಮ್ಮ ಕಟ್ಟಿ ಕಳಿಸಿದ್ದ ಬುತ್ತಿಯ ಗಂಟು ಬಿಚ್ಚಲು ಕೂತರು.