ಸೋಮವಾರ ಬಂದ ಹಬ್ಬ

ಸೊರಬದ ದರ್ಜಿ ಅಮೀರ್ ಜಾನ್ ಹೊಲಿದ ಶಾಲೆಯ ಚಡ್ಡಿಯನ್ನು ಒಳಮೈ ಹೊರಗಾಗಿ ತಿರುಗಿಸಿ ನೋಡಿದವರಿಗಷ್ಟೇ ಗೋಚರಿಸುವ ಸಂಗತಿಯೊಂದಿದೆ: ಕೂರುವ ಭಾಗದಲ್ಲಿ, ಯಾರೂ ಕೇಳದಿದ್ದರೂ, ದಪ್ಪ ಬಟ್ಟೆಯ ಇನ್ನೊಂದು ಪದರ. ಬೇಗ ಸವೆಯದಿರಲೆಂದು ಹಾಕಿದ್ದಾನೆಂಬುದು ತಾಯಂದಿರ ಊಹೆ. ಅವನು ಅದನ್ನು ಅಲ್ಲಗಳೆದವನಲ್ಲ. ಐವತ್ತು ವರ್ಷಗಳಲ್ಲಿ ಆ ಪದರವಿಲ್ಲದ ಒಂದು ಚಡ್ಡಿಯೂ ಅವನ ಅಂಗಡಿಯ ಹೊಸ್ತಿಲು ದಾಟಿಲ್ಲ.

ಮದುವೆಯ ಊಟಕ್ಕೆ ಬಂದಾಗಲೂ ಅವನ ಕೊರಳಲ್ಲಿ ಅಳತೆಯ ಟೇಪು ಇರುತ್ತದೆ. ಮೈಮೇಲಿನ ಬೂದುಬಣ್ಣದ ಕೋಟು 1984ರಲ್ಲಿ ತಾನೇ ಹೊಲಿದುಕೊಂಡದ್ದು. ತಿಂಗಳು ಯಾವುದೆಂದು ಅವನಿಗೆ ನೆನಪಿಲ್ಲ, ಅದು ನನಗೆ ಇಂದಿಗೂ ಅಸಮಾಧಾನ. ನಡೆಯುವಾಗ ನೆಲವನ್ನು ಗೇಣಿಟ್ಟು ಅಳೆಯುವವನಂತೆ ನಿಧಾನವಾಗಿ ಹೆಜ್ಜೆಯಿಡುತ್ತಾನೆ; ರಾಜಕೀಯವಿರಲಿ, ಬೀಗರ ಜಗಳವಿರಲಿ, ಯಾವ ಮಾತನ್ನಾದರೂ "ಒಂದು ಬೆರಳು ಸಡಿಲ ಇರಲಿ" ಎಂದೇ ಮುಗಿಸುತ್ತಾನೆ. ನನ್ನನ್ನು ಗುರುಮಲ್ಲಪ್ಪ ಎಂದು ಹೆಸರು ಹಿಡಿದು ಕರೆದದ್ದೇ ಇಲ್ಲ, "ಮಾನಿಟರ್ರೇ" ಎನ್ನುತ್ತಾನೆ. 1965-66ನೇ ಸಾಲಿನಲ್ಲಿ, ಶಿಕಾರಿಪುರದ ಮಿಷನ್ ಶಾಲೆಯ ಆರನೇ ತರಗತಿಗೆ ನಾನು ಮಾನಿಟರ್. ಪಾತ್ರೆಗಳಿಗೆ ಕಲಾಯಿ ಹಾಕುವವರ ಮಗನಾದ ಅವನು ಅಲ್ಲಿನ ಹಾಸ್ಟೆಲಿನಲ್ಲಿದ್ದ.

ಆ ಶಾಲೆಯನ್ನು ನಾವು ಪ್ರೀತಿಸಿರಲಿಲ್ಲವೆಂದರೆ ಸುಳ್ಳಾದೀತು. ನೀಲಗಿರಿ ಮರಗಳ ಕಟುಪರಿಮಳ, ಇಬ್ಬನಿಯಲ್ಲಿ ತೇಲಿಬರುತ್ತಿದ್ದ ಗಂಟೆಯ ನಾದ, ಅಡುಗೆಮನೆಯ ಕಿಟಕಿಯಿಂದ ವಯಸ್ಸಾದ ಸಿಸ್ಟರ್ ಒಬ್ಬರು ನೀಡುತ್ತಿದ್ದ ಬೆಲ್ಲ ಸವರಿದ ಬ್ರೆಡ್ಡು, ಎಲ್ಲವೂ ನಿನ್ನೆಯದೆಂಬಂತಿವೆ. ಇಂದಿಗೂ ಹೊಲಿಗೆಯಂತ್ರ ತುಳಿಯುತ್ತ ಅಮೀರ್ ಜಾನ್ ಗುನುಗುವುದು ಅಲ್ಲಿನ ಬೆಳಗಿನ ಪ್ರಾರ್ಥನೆಯ ರಾಗವನ್ನೇ.

ಆ ವರ್ಷ ಕಚೇರಿಯ ಗೋಡೆಯ ಕ್ಯಾಲೆಂಡರಿನಲ್ಲಿ ರಂಜಾನ್ ಹಬ್ಬ ಜನವರಿ 23, ಭಾನುವಾರವೆಂದು ಅಚ್ಚಾಗಿತ್ತು. ಸೋಮವಾರ ಬೆಳಿಗ್ಗೆ ಹಿಂತಿರುಗಬೇಕೆಂಬ ಅಪ್ಪಣೆಯ ಮೇಲೆ ವಾರ್ಡನ್ ಪಾದ್ರಿಗಳು ಅವನನ್ನು ಊರಿಗೆ ಕಳುಹಿಸಿದ್ದರು. ಶನಿವಾರ ಸಂಜೆ ಸೊರಬದಲ್ಲಿ ಚಂದ್ರ ಕಾಣಲಿಲ್ಲ. ಹಬ್ಬ ಸೋಮವಾರಕ್ಕೆ ಹೋಯಿತು. ಮಂಗಳವಾರ ಮೊದಲ ಬಸ್ಸಿಗೆ ಶಾವಿಗೆಯ ಡಬ್ಬಿ ಹಿಡಿದು ಬಂದವನು ಇದ್ದುದನ್ನು ಇದ್ದಂತೆ ಹೇಳಿದ. ವಾರ್ಡನ್ ನನ್ನತ್ತ ತಿರುಗಿ ಹಬ್ಬ ಯಾವ ದಿನವಿತ್ತೆಂದು ಕೇಳಿದರು. ನಾನು ಕ್ಯಾಲೆಂಡರ್ ನೋಡಿ, ಭಾನುವಾರವೇ ಎಂದೆ. ಬೆತ್ತ ತರುವುದೂ, ಏಟುಗಳನ್ನು ಗಟ್ಟಿಯಾಗಿ ಎಣಿಸುವುದೂ ಮಾನಿಟರನ ಕರ್ತವ್ಯವಾಗಿತ್ತು. ಹದಿನೆಂಟರವರೆಗೆ ಎಣಿಸಿದೆ. ಅಷ್ಟಾದ ಮೇಲೆ ಅವನು, ತಾನು ಹೇಳಿದ್ದು ಸುಳ್ಳೆಂದು ಒಪ್ಪಿಕೊಂಡ.

ಮರುದಿನ ಗಣರಾಜ್ಯೋತ್ಸವ, ನಾವೆಲ್ಲ ಸಾಲಾಗಿ ಕುಳಿತು ಪೆಪ್ಪರಮಿಂಟು ಚೀಪುತ್ತಿದ್ದರೆ ಅವನೊಬ್ಬ ನಿಂತೇ ಇದ್ದ. ಫೆಬ್ರವರಿಯಲ್ಲಿ ಶಾಲೆ ಬಿಟ್ಟು ಕತ್ತರಿ ಹಿಡಿದ. ಹಬ್ಬ ಸೋಮವಾರವೆಂದು ತಿಳಿದಿದ್ದರೂ, ಮಗ ಬೇರೇನೋ ತಪ್ಪು ಮಾಡಿರಬೇಕು, ಪಾದ್ರಿಗಳು ಸುಮ್ಮನೆ ಹೊಡೆದಾರೆಯೇ ಎಂದುಕೊಂಡೇ ಅವನ ತಂದೆ ತೀರಿಹೋದರು. ಮೈಮೇಲಿನ ಬಾಸುಂಡೆಗಳು ಮಾಯ್ದವು; ಸ್ವಂತ ಬಾಯಿಂದ ಸ್ವಂತ ಹಬ್ಬವನ್ನು ಸುಳ್ಳೆಂದದ್ದು ಮಾತ್ರ ಮಾಯಲಿಲ್ಲ.

2023ರ ನವೆಂಬರ್ 18, ಶನಿವಾರ, ಆ ಶಾಲೆಯ ಸಭಾಂಗಣದಲ್ಲಿ ಹಳೆಯ ವಿದ್ಯಾರ್ಥಿಗಳ ಸಭೆ ಸೇರಿತು. ಶಾಲೆ ನಡೆಸುವ ಸಂಸ್ಥೆ ಕಳುಹಿಸಿದ್ದ ಕ್ಷಮಾಪಣೆಯ ಪತ್ರವನ್ನು ಈಗಿನ ಪ್ರಾಂಶುಪಾಲರಾದ ತರುಣ ಪಾದ್ರಿಗಳು ಓದಿದರು. ಹಿಂದಿನ ಕಾಲದಲ್ಲಿ ಕೆಲವು ಮಕ್ಕಳಿಗೆ ನೋವಾಗಿದ್ದರೆ ವಿಷಾದಿಸುತ್ತೇವೆ ಎಂಬುದು ಅದರ ಸಾರ. ಹಿಂದಿನ ಸಾಲಿನಿಂದ ಬೂದುಬಣ್ಣದ ಕೋಟು ಎದ್ದು ನಿಂತಿತು.

"ಫಾದರ್, 'ಆಗಿದ್ದರೆ' ಅಂತ ಓದಿದ್ರಲ್ಲ, ಅದು ಅಳತೆ ತಗೊಳ್ಳದೆ ಹೊಲಿದ ಅಂಗಿ. ಯಾರ ಮೈಗೂ ಕೂರಲ್ಲ. ತಾರೀಖು ಬೇಕಾದ್ರೆ ನಮ್ಮ ಮಾನಿಟರ್ರು ಇಲ್ಲೇ ಇದಾರೆ, ಕೇಳಿ."

ಜೀವಮಾನವೆಲ್ಲ ಅನ್ಯರ ತಾರೀಖುಗಳನ್ನು ತಿದ್ದುತ್ತ ಬಂದ ನಾನು ಬೆಂಚು ಹಿಡಿದು ಎದ್ದೆ. ದಿನ, ವಾರ, ಏಟುಗಳ ಸಂಖ್ಯೆ ಹೇಳಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು, ಅವನು ನನ್ನನ್ನೇ ನೋಡುತ್ತಿದ್ದ.

"ಹಬ್ಬ ಸೋಮವಾರವೇ ಇತ್ತು. ಅವನು ಹೇಳಿದ್ದು ನಿಜ. ಕ್ಯಾಲೆಂಡರ್ ನೋಡಿ ಅದನ್ನು ಸುಳ್ಳು ಮಾಡಿದವನು ನಾನು."

ಪ್ರಾಂಶುಪಾಲರು ಪತ್ರವನ್ನು ಮಡಿಸಿ ಮೇಜಿನ ಮೇಲಿಟ್ಟು, ವೇದಿಕೆಯಿಂದಿಳಿದು ಅವನ ಬಳಿಗೆ ಬಂದರು. "ನೀವು ಸುಳ್ಳು ಹೇಳಿರಲಿಲ್ಲ, ಅಮೀರ್ ಜಾನ್ ಅವರೇ. ನಿಮ್ಮನ್ನು ನಾವು ಹೊಡೆದದ್ದು ಅನ್ಯಾಯ. ಕ್ಷಮೆ ಕೇಳುತ್ತೇನೆ," ಎಂದರು. ಕ್ಷಮಿಸಿದೆನೆಂದು ಅವನು ಹೇಳಲಿಲ್ಲ. ಟೇಪನ್ನು ಕೊರಳಿನಿಂದ ತೆಗೆದು ಸುತ್ತಿ ಕೋಟಿನ ಜೇಬಿಗಿಟ್ಟುಕೊಂಡು, ಕುಳಿತ.

ಸೊರಬದ ಬಸ್ಸಿಗೆ ಕಾಯುವಾಗ ನನ್ನ ತೋಳು ತಿವಿದ. "ಒಂದು ತಾರೀಖು ತಿದ್ದಕ್ಕೆ ಐವತ್ತೇಳು ವರ್ಷ ಬೇಕಾಯ್ತೇನ್ರೀ, ಮಾನಿಟರ್ರೇ?" ಐವತ್ತೇಳು ವರ್ಷ, ಒಂಬತ್ತು ತಿಂಗಳು ಎಂದು ತಿದ್ದಹೊರಟವನು ನಾಲಿಗೆ ಕಚ್ಚಿಕೊಂಡೆ. ಈಗ ಶಾಲೆಗಳಲ್ಲಿ ಬೆತ್ತವಿಲ್ಲ, ಆ ಪದರ ಇನ್ನೇಕೆ ಎಂದು ಕೇಳಿದೆ.

"ಇರಲಿ ಬಿಡಿ ಮಾರಾಯ್ರೆ. ಬೆಂಚು ಗಟ್ಟಿ ಇರ್ತಾವೆ."

ಅನ್ಯಾಯ ಉಂಡವರಲ್ಲಿ ಇಂಥ ಒಂದು ಬಗೆಯವರಿದ್ದಾರೆ. ತಮಗೆ ಬಿದ್ದದ್ದು ಪರರ ಮಕ್ಕಳಿಗೆ ತಾಗದಿರಲೆಂದು, ಕಾಣದಂತೆ, ಒಳಗಿನಿಂದಲೇ ಹೊಲಿಯುತ್ತ ಬಾಳುತ್ತಾರೆ. ಅವರು ಬಯಸುವುದು ಇಷ್ಟೇ: ನಡೆದದ್ದು ನಡೆಯಿತೆಂದು, ನಡೆದ ದಿನದ ಹೆಸರು ಹಿಡಿದು, ಕಂಡವರು ನುಡಿಯಬೇಕು. ತಾರೀಖುಗಳನ್ನೆಲ್ಲ ಕಂಠಸ್ಥ ಮಾಡಿಕೊಂಡು ಕುಳಿತ ನಮ್ಮಂಥವರು ಬಾಯಿ ತೆರೆಯುವವರೆಗೆ ಅವರು ಹೊಲಿಯುತ್ತಲೇ ಕಾಯಬೇಕಾಗುತ್ತದೆ.